ಆರ್‌ಎಕ್ಸ್ 100 ಕಾರ್ಬೋರೇಟರಲ್ಲಿ ಫ್ಲೋಟ್ ಕಂಬ ಮುರೀತು: ಅಂಟು, ವೆಲ್ಡಿಂಗ್, ಹೊಸದು, ಗುಜರಿ ಎಲ್ಲಾ ಮಾಡಿ ನೋಡ್ದೆ

ಅಪ್ಪನ 1993ರ ಯಮಹಾ ಬೈಕು ಆರ್‌ಎಕ್ಸ್ 100 ಎರಡು ವರ್ಷ ಟಾರ್ಪಾಲ್ ಕೆಳಗೆ ನಿಂತಿತ್ತು, ಓಡಿಸೋಣ ಅಂತ ಕಾರ್ಬೋರೇಟರ್ (ಇಂಜಿನ್ನಿಗೆ ಪೆಟ್ರೋಲು-ಗಾಳಿ ಬೆರೆಸಿ ಕೊಡೋ ಭಾಗ) ಬಿಚ್ಚಿದೆ. ಒಳಗೆ ಪೆಟ್ರೋಲ್ ಮೇಲೆ ತೇಲೋ ಫ್ಲೋಟಿನ ಪಿನ್ನು ಜಂಗು ಹಿಡಿದು ಕೂತಿತ್ತು, ಸಣ್ಣ ಮೊಳೆ ಇಟ್ಟು ಮೆಲ್ಲಗೇ ಹೊಡೆದಿದ್ದು, ಟಕ್ ಅಂತು. ಪಿನ್ ಬರ್ಲಿಲ್ಲ, ಅದನ್ನ ಹಿಡ್ಕೊಂಡಿರೋ ಎರಡು ಕಂಬದಲ್ಲಿ ಒಂದು ಮುರಿದು ಕೈಗೆ ಬಂತು. ಈ ಪಿನ್ ಒಂದು ಕಂಬದಲ್ಲಿ ಟೈಟು, ಇನ್ನೊಂದ್ರಲ್ಲಿ ಲೂಸು, ಯಾವ ಕಡೆಗೆ ತಳ್ಳಬೇಕು ಅಂತ ಮೊದಲೇ ನೋಡ್ಕೋಬೇಕಂತೆ. ನಾನು ಉಲ್ಟಾ ಹೊಡೆದಿದ್ದೆ.

ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು ಅಷ್ಟೇ ಅದು, ಆದ್ರೆ ಅದಿಲ್ಲ ಅಂದ್ರೆ ಫ್ಲೋಟ್ ನೆಟ್ಟಗೆ ಮೇಲೇಳಲ್ಲ, ಪೆಟ್ರೋಲ್ ಬರೋ ತೂತನ್ನ ನೀಡಲ್ ಮುಚ್ಚಲ್ಲ, ಪೆಟ್ರೋಲೆಲ್ಲ ಓವರ್‌ಫ್ಲೋ ಪೈಪಲ್ಲಿ ನೆಲಕ್ಕೆ.

ಮೊದಲು ಮನೇಲಿದ್ದ ಎರಡು ಟ್ಯೂಬಿನ ಅಂಟು ಹಾಕ್ದೆ. ಒಂಬತ್ತು ದಿನ ಬಂತು. ಹತ್ತನೇ ದಿನ ಅಂಗಳದ ಕಲ್ಲಿನ ಮೇಲೆ ಕಾಮನಬಿಲ್ಲಿನ ಬಣ್ಣದ ಕಲೆ, ಕಾರ್ಬೋರೇಟರ್ ಕೆಳಗಿನ ಪೆಟ್ರೋಲ್ ಬೌಲ್ ಬಿಚ್ಚಿದ್ರೆ ಅಂಟು ನೆನೆದ ಬೆಲ್ಲದ ತರ ಮೆತ್ತಗಾಗಿತ್ತು. ಈಗಿನ ಎಥನಾಲ್ ಪೆಟ್ರೋಲಲ್ಲಿ ಇದು ಟೈಮ್ ವೇಸ್ಟು.

ಆಮೇಲೆ ಆರ್ಗಾನ್ ವೆಲ್ಡಿಂಗ್ ಮಾಡೋರ ಹತ್ರ ಹೋದೆ. ಅವರು ಅರದಲ್ಲಿ ಒಂದು ಗೀರು ಎಳೆದು ನೋಡಿ "ಇದು ಅಲ್ಯುಮಿನಿಯಂ ಅಲ್ಲಪ್ಪ, ಜಿಂಕು" ಅಂದ್ರು. ನಂಗೆ ನಂಬಿಕೆ ಬರ್ಲಿಲ್ಲ ಅಂತ ಮುರಿದ ತುಂಡಿಗೇ ಟಾರ್ಚ್ ತೋರಿಸಿದ್ರು, ಕಣ್ಣು ಮಿಟುಕಿಸೋದ್ರಲ್ಲಿ ಗುಂಡಗೆ ಮಣಿಯಾಗಿ ಉರುಳಿ ಹೋಯ್ತು. ಅಲ್ಯುಮಿನಿಯಂ ಕರಗೋಕೆ 660 ಡಿಗ್ರಿ ಬೇಕು, ಈ ಜಿಂಕ್ ಅಲಾಯ್ 400ರ ಒಳಗೇ ನೀರಾಗುತ್ತೆ, ಕಾರ್ಬೋರೇಟರ್ ಬಾಡಿ ಮೇಲೆ ಟಾರ್ಚ್ ಹಿಡಿದಿದ್ರೆ ಇಡೀ ಕಾರ್ಬು ಹೋಗಿರೋದು.

ಮೂರನೇದು ಸ್ವಲ್ಪ ತಲೆ ಓಡಿಸಿದ್ದು. ತುಂಡು ಹೆಂಗೂ ಕರಗಿತ್ತಲ್ಲ, ಹಳೇ ಹಿತ್ತಾಳೆ ನಟ್ ಅರೆದು ಹೊಸ ಕಂಬ ಮಾಡ್ದೆ, ಬುಡಕ್ಕೂ ಅದಕ್ಕೂ ಒಂದು ಎಂಎಂ ತೂತು ಹಾಕಿ ಸೇಫ್ಟಿ ಪಿನ್ ತಂತಿ ಒಳಗೆ ಸೇರಿಸಿ, ಸ್ಟೀಲ್ ಪುಡಿ ಇರೋ ಎಪಾಕ್ಸಿ ಹಾಕ್ದೆ. ಲೈನಿಗೆ ಬರ್ಲಿ ಅಂತ ಫ್ಲೋಟ್ ಪಿನ್ನಿಗೇ ಗ್ರೀಸ್ ಸವರಿ ಎರಡೂ ಕಂಬಕ್ಕೆ ತೂರಿಸಿ ಒಂದು ದಿನ ಬಿಟ್ಟೆ. ಐದು ತಿಂಗಳು ಓಡ್ತು, ನಿಜಕ್ಕೂ ಚೆನ್ನಾಗೇ ಓಡ್ತು. ಆದ್ರೆ ಮನಸ್ಸಲ್ಲಿ ಅಳುಕು ಇದ್ದೇ ಇತ್ತು, ಒಂದು ಚೂರು ಎಪಾಕ್ಸಿ ಕಿತ್ತು ಪೆಟ್ರೋಲ್ ಹೋಗೋ ಸಣ್ಣ ತೂತಿನ ಮೇನ್ ಜೆಟ್ಟಿಗೆ ಸಿಕ್ಕಿದ್ರೆ ಮಿಕ್ಸ್ಚರಲ್ಲಿ ಪೆಟ್ರೋಲ್ ಕಮ್ಮಿಯಾಗಿ ಟೂ ಸ್ಟ್ರೋಕ್ ಪಿಸ್ಟನ್ ಸೀಜ್ ಆಗೋಕೆ ಎಷ್ಟೊತ್ತು ಬೇಕು ಹೇಳಿ.

ಆ ಭಯಕ್ಕೇ ಹೊಸ ಡೂಪ್ಲಿಕೇಟ್ ಕಾರ್ಬು ತಗೊಂಡೆ. ಡಬ್ಬಿ ಚೆಂದ, ಅರ್ಧ ಕಿಕ್ಕಿಗೆ ಸ್ಟಾರ್ಟು, ನಾನೂ ಖುಷಿಯಾಗಿಬಿಟ್ಟೆ. ಅರ್ಧ ಥ್ರಾಟಲಲ್ಲಿ ಬೊರ್ರ್ ಅಂತ ಉಸಿರು ಕಟ್ಟೋದು, ಪ್ಲಗ್ ಮಸಿ. ನನ್ನ ಹಳೇ ಜೆಟ್ ಹಾಕಿದ್ರೂ ಐಡ್ಲಿಂಗ್ ನಿಲ್ತಿರ್ಲಿಲ್ಲ, ಯಾಕಂದ್ರೆ ಥ್ರಾಟಲ್ ತಿರುಗಿಸಿದ್ರೆ ಮೇಲೇಳೋ ಸ್ಲೈಡೇ ಬಾಡೀಲಿ ಲೊಡಲೊಡ. ಆರ್‌ಎಕ್ಸ್ ಅನ್ನೋದೇ ಪಿಕಪ್ಪಿಗೆ, ಅದೇ ಇಲ್ಲ ಅಂದ್ಮೇಲೆ ಈ 98 ಸಿಸಿ ಗಾಡಿ ಇಟ್ಕೊಂಡು ಏನ್ ಮಾಡೋದು.

ಕೊನೆಗೆ ಬೆಂಗಳೂರು ಜೆಸಿ ರೋಡಿನ ಗುಜರಿಗೆ ಹೋಗಿ ಹಳೇ ಒರಿಜಿನಲ್ ಮಿಕುನಿ ಕಂಪನಿ ಕಾರ್ಬು ಬಾಡಿ ಹುಡುಕಿದೆ. ಕಪ್ಪಗೆ, ಕೊಳಕಾಗಿ, ನೋಡಿದ್ರೆ ಯಾರೂ ಮುಟ್ಟಲ್ಲ. ನಾನು ನೋಡಿದ್ದು ಎರಡೇ: ಕಂಬ ಎರಡೂ ನೆಟ್ಟಗಿದ್ಯಾ, ಸ್ಲೈಡ್ ಹಾಕಿ ಬೆರಳಲ್ಲಿ ಅಲ್ಲಾಡಿಸಿದ್ರೆ ಸದ್ದು ಬರುತ್ತಾ. ಡೂಪ್ಲಿಕೇಟಿಗೆ ಕೊಟ್ಟಿದ್ರಲ್ಲಿ ಅರ್ಧದಷ್ಟೂ ಆಗ್ಲಿಲ್ಲ. ನನ್ನ ಜೆಟ್ಟು, ಫ್ಲೋಟು, ಹೊಸ ನೀಡಲ್ ಹಾಕಿ ಕೂರಿಸಿದ್ಮೇಲೆ ಹಳೇ ಸೌಂಡು ವಾಪಸ್ ಬಂತು.

ನಿಮ್ಮದೂ ಮುರಿದಿದ್ರೆ ಬಾಡಿ ಸಿಗೋವರೆಗೆ ಆ ತಂತಿ-ಎಪಾಕ್ಸಿ ಐಡಿಯಾ ಮಾಡ್ಕೊಳ್ಳಿ, ಮಿಕ್ಕಿದ್ದಕ್ಕೆ ದುಡ್ಡು ಹಾಕ್ಬೇಡಿ. ಬೌಲ್ ಹಾಕೋ ಮುಂಚೆ ಕಾರ್ಬೋರೇಟರನ್ನ ಉಲ್ಟಾ ಹಿಡಿದು ಪೆಟ್ರೋಲ್ ಪೈಪ್ ಹಾಕೋ ಮೂತೀಲಿ ಊದಿ, ಗಾಳಿ ಹೋಗ್ಬಾರ್ದು. ನೆಟ್ಟಗೆ ಹಿಡಿದು ಊದಿದ್ರೆ ಹೋಗ್ಬೇಕು. ಊದೋಕೆ ಮುಂಚೆ ಒರೆಸ್ಕೊಳ್ಳಿ, ನಾನು ಮರೆತು ಸಂಜೆವರೆಗೂ ಕಾಫಿಯಲ್ಲೂ ಪೆಟ್ರೋಲ್ ರುಚಿನೇ.