ಕರಪತ್ರದಲ್ಲಿ ಬರುವ ಹಂಪ್, ಕನ್ನಡಿ, ಹೆಲ್ಮೆಟ್: ಚಿಕ್ಕಮಗಳೂರಿನ ಮತದಾರರಿಗೆ ಒಂದು ವಿಮರ್ಶೆ

ಚುನಾವಣೆ ಹತ್ತಿರ ಬಂದರೆ ಮನೆಬಾಗಿಲಿಗೆ ಬರುವ ಕರಪತ್ರದಲ್ಲಿ ರಸ್ತೆ ಸುರಕ್ಷತೆಗೂ ಒಂದು ಸಾಲು ಮೀಸಲು. ಬಿಡಿಸಿ ನೋಡಿದರೆ ಒಳಗಿರುವುದು ನಾಲ್ಕೈದು ಸಾಮಾನು: ಹಂಪ್, ಕನ್ನಡಿ, ಬ್ಲಿಂಕರ್ (ಮಿನುಗುವ ಎಚ್ಚರಿಕೆ ದೀಪ), ಬ್ಯಾರಿಕೇಡ್, ಕೆಲವೊಮ್ಮೆ ಹೆಲ್ಮೆಟ್. ಪಕ್ಷ ಯಾವುದಾದರೂ ಪಟ್ಟಿ ಹೆಚ್ಚುಕಡಿಮೆ ಅದೇ. ಹಾಗಾಗಿ ಪಕ್ಷ ಬದಿಗಿಟ್ಟು ಸಾಮಾನನ್ನೇ ತೂಗಿದ್ದೇವೆ.

ಎಲ್ಲಕ್ಕಿಂತ ಹೆಚ್ಚು ಓಡುವ ಮಾಲು ಹಂಪ್. ಶಾಲೆ ಮುಂದೆ ಒಂದು, ದೇವಸ್ಥಾನದ ಮುಂದೆ ಒಂದು, ಮುಖಂಡರ ಮನೆ ಮುಂದೆಯೂ ಒಂದು. ಡಾಂಬರು ಹಾಕಿ ಮಿಕ್ಕ ಜಲ್ಲಿಯನ್ನು ರಸ್ತೆಗೆ ಅಡ್ಡ ಸುರಿದು, ಸಲಿಕೆ ಬೆನ್ನಲ್ಲಿ ತಟ್ಟಿದರೆ ಎರಡಡಿ ಅಗಲದ ಮೊನಚು ಗುಡ್ಡೆ ರೆಡಿ. ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 99ನೇ ಸಂಖ್ಯೆಯ ಮಾರ್ಗಸೂಚಿಯಲ್ಲಿರುವ ಹಂಪ್ ಬೇರೆಯೇ ಜಾತಿ: ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್, ನಡುವೆ 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಬಾಗು. ಅಂದರೆ ಹನ್ನೆರಡು ಅಡಿಯಲ್ಲಿ ನಾಲ್ಕು ಅಂಗುಲ ಏರಿ ಇಳಿಯಬೇಕು. ಗಂಟೆಗೆ 25 ಕಿ.ಮೀ. ವೇಗದಲ್ಲಿ ಬಂದವರಿಗೆ ಅದು ಸುಮ್ಮನೆ ತೂಗಿದ ಹಾಗೆ, ಜೋರಾಗಿ ಬಂದವನನ್ನು ಮಾತ್ರ ಸೀಟಿನಿಂದ ಎತ್ತಿ ಹಾಕುತ್ತದೆ. ಮೊನಚು ಗುಡ್ಡೆಯ ಕೆಲಸ ಉಲ್ಟಾ. ನಿಧಾನವಾಗಿ ಬರುವ ಸ್ಕೂಟರ್ ಸವಾರನ ಬೆನ್ನಿಗೆ ಏಟು. ವೇಗದ ದೊಡ್ಡ ಕಾರಿನ ಚಕ್ರ ಮೇಲೆದ್ದು ಇಳಿದರೂ ಸಸ್ಪೆನ್ಷನ್ ನುಂಗಿಕೊಳ್ಳುವುದರಿಂದ ಒಳಗಿದ್ದವರಿಗೆ ಗೊತ್ತೇ ಆಗುವುದಿಲ್ಲ.

ಮಲೆನಾಡಿನಲ್ಲಿ ಇನ್ನೊಂದು ತಾಪತ್ರಯ, ಮಳೆ. ಇಳಿಜಾರು ರಸ್ತೆಯಲ್ಲಿ ಹಂಪ್ ಎಂದರೆ ಒಂದು ಪುಟ್ಟ ಒಡ್ಡು. ಮೇಲ್ಭಾಗದಲ್ಲಿ ನೀರು ನಿಂತು, ಜಲ್ಲಿಯಿಂದ ಡಾಂಬರು ಬಿಟ್ಟುಕೊಂಡು, ಒಂದೇ ಮಳೆಗಾಲಕ್ಕೆ ಹಂಪಿನ ಬುಡದಲ್ಲೇ ಗುಂಡಿ ಬೀಳುತ್ತದೆ. ನೀರು ಹೋಗಲಿ ಎಂದು ಅಂಚಿನಲ್ಲಿ ಸಂದಿ ಬಿಟ್ಟರೆ ಎರಡೂ ಕಡೆಯ ಬೈಕುಗಳು ಆ ಸಂದಿಗೇ ನುಗ್ಗುತ್ತವೆ, ಅಂಚಿನಲ್ಲಿ ನಡೆದು ಹೋಗುತ್ತಿರುವವರ ಮೈಮೇಲೆ. ಸಂದಿಯಲ್ಲಿ ಹೊಳೆಯುವ ಪಟ್ಟಿ ಸುತ್ತಿದ ಗೂಟ ನೆಡಬೇಕು, 40 ಮೀಟರ್ ಮೊದಲೇ ಎಚ್ಚರಿಕೆ ಫಲಕ ಇರಬೇಕು. ಇವೆರಡೂ ಇಲ್ಲದ ಹಂಪಿಗೆ 5ಕ್ಕೆ 1 ಅಂಕ.

ಹಾಗೆಯೇ, ಕಡೂರಿನಿಂದ ಚಿಕ್ಕಮಗಳೂರು ದಾಟಿ ಮೂಡಿಗೆರೆಗೆ ಹೋಗುವುದು ರಾಷ್ಟ್ರೀಯ ಹೆದ್ದಾರಿ 173. ರಾಷ್ಟ್ರೀಯ ಹೆದ್ದಾರಿಗಳ ಮೇಲಿನ ಹಂಪ್ ತೆಗೆಯಿರಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2016ರಲ್ಲೇ ಹೇಳಿದೆ. ಅಲ್ಲಿ ಹಂಪ್ ಹಾಕಿಸುತ್ತೇನೆ ಎನ್ನುವ ಅಭ್ಯರ್ಥಿ, ಅಂಗಡಿಯಲ್ಲಿ ಇಲ್ಲದ ಮಾಲಿಗೆ ಅಡ್ವಾನ್ಸ್ ಕೇಳುತ್ತಿದ್ದಾರೆ.

ಹಳದಿ-ಕಪ್ಪು ರಬ್ಬರ್ ಹಂಪ್ ಅಪಾರ್ಟ್‌ಮೆಂಟ್ ಗೇಟಿಗೆ ಸರಿ. ಲಾರಿ ಓಡುವ ಬೀದಿಯಲ್ಲಿ ನಡುವಿನ ತುಂಡು ಮೊದಲು ಕಿತ್ತು ಹೋಗುತ್ತದೆ, ಬೋಲ್ಟ್ ಅಲ್ಲೇ ತಲೆಯೆತ್ತಿ ನಿಂತು ಟೈರಿಗೆ ಕಾಯುತ್ತದೆ.

ತಿರುವಿನ ಉಬ್ಬುಗನ್ನಡಿಗೆ 5ಕ್ಕೆ 3. ತೋಟದ ಗೇಟಿನಿಂದ ಪಿಕಪ್, ಜೀಪು ರಸ್ತೆಗೆ ಇಳಿಯುವ ಕಡೆ ಇದರಷ್ಟು ಅಗ್ಗದ ಉಪಕಾರ ಇನ್ನೊಂದಿಲ್ಲ. ಗಾಜಿನದ್ದು ಬೇಡ, ಪಾಲಿಕಾರ್ಬೊನೇಟ್ ಇರಲಿ. ಆದರೆ ಮುಳ್ಳಯ್ಯನಗಿರಿ ರಸ್ತೆಯಲ್ಲಾಗಲಿ ಚಾರ್ಮಾಡಿಯಲ್ಲಾಗಲಿ ಮಂಜು ಕವಿದಾಗ ಕನ್ನಡಿಯಲ್ಲಿ ಕಾಣುವುದೂ ಮಂಜೇ. ಹತ್ತಿರದ ಗಾಡಿ ದೂರ ಇದ್ದಂತೆ ಕಾಣುವುದು ಉಬ್ಬುಗನ್ನಡಿಯ ಗುಣ, ಆದ್ದರಿಂದ ಕನ್ನಡಿ ಇದೆಯೆಂದು ಹಾರನ್ ಹೊಡೆಯುವುದನ್ನು ನಿಲ್ಲಿಸಬಾರದು. ಮಳೆಗಾಲ ಮುಗಿದ ಮೇಲೆ ಪಾಚಿ ಒರೆಸುವವರು ಯಾರು ಎಂದು ಕೇಳಿ. ಉತ್ತರ ಬಾರದಿದ್ದರೆ ಒಂದು ಅಂಕ ಕಳೆಯಿರಿ.

ಸೋಲಾರ್ ಬ್ಲಿಂಕರ್‌ದೂ ಅದೇ ಕಥೆ. ಬಿಸಿಲಿಲ್ಲದ ಜುಲೈನಲ್ಲಿ, ಅಂದರೆ ಬೇಕೇ ಬೇಕಾದಾಗ, ಕಣ್ಣು ಮುಚ್ಚುತ್ತದೆ. ಬ್ಯಾಟರಿ ಬದಲಿಸುವುದೂ ಟೆಂಡರಿನಲ್ಲೇ ಸೇರಿರಬೇಕು. ಬ್ಯಾರಿಕೇಡಿನಲ್ಲಿ ಕೊಟ್ಟವರ ಹೆಸರು ಒಂದಡಿ, ಹೊಳೆಯುವ ಟೇಪು ಒಂದಂಗುಲ. ರಾತ್ರಿ ಹೊತ್ತು ಅದೇ ಒಂದು ಅಪಘಾತ.

ಹೆಲ್ಮೆಟನ್ನು ಮತಕ್ಕಾಗಿ ಹಂಚಿದರೆ ಅದು ಲಂಚ, ವಿಮರ್ಶೆಗೆ ಬರುವ ವಸ್ತುವಲ್ಲ. ಕೊಂಡುಕೊಳ್ಳುವವರು ಐಎಸ್‌ಐ ಗುರುತಿನ ಜೊತೆ ಐಎಸ್ 4151 ಎಂಬುದನ್ನು ನೋಡಿ, ಒಳಗಿನ ಬಟ್ಟೆ ಸರಿಸಿ. ಗಟ್ಟಿ ಥರ್ಮಾಕೋಲ್ ಪದರ ಇರಬೇಕು. ಬರೀ ಸ್ಪಂಜು ಇದ್ದರೆ ಅದು ಟೋಪಿ.

ಇಷ್ಟರಲ್ಲಿ ಯಾವುದನ್ನು ಯಾರು ಕೊಡಬಲ್ಲರು ಎಂಬುದನ್ನೂ ನೋಡಬೇಕು. ವಾರ್ಡಿನ ಒಳರಸ್ತೆ, ಬೀದಿದೀಪ, ಫುಟ್‌ಪಾತ್ ನಗರಸಭೆಯದು, ಅಲ್ಲಿ ಸದಸ್ಯರ ಮಾತು ನಡೆಯುತ್ತದೆ. ಜಿಲ್ಲಾ ಮುಖ್ಯರಸ್ತೆ, ರಾಜ್ಯ ಹೆದ್ದಾರಿ ಲೋಕೋಪಯೋಗಿ ಇಲಾಖೆಯದು, ಅಲ್ಲಿಗೆ ಶಾಸಕರು. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂ., ಅದರಲ್ಲಿ ಫುಟ್‌ಪಾತಿಗೆ ಎಷ್ಟು ಎಂದು ಕೇಳಬಹುದು. ಜಿಲ್ಲಾಧಿಕಾರಿ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿಗೆ ಎಷ್ಟು ಅಪಾಯದ ಜಾಗಗಳ ಅರ್ಜಿ ಕೊಟ್ಟಿದ್ದೀರಿ ಎಂದೂ ಕೇಳಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 198ಎ ಕಲಂ ಗೊತ್ತಿದೆಯೇ ಎಂದು ವಿಚಾರಿಸಿದರೂ ಅಭ್ಯರ್ಥಿಯ ಆಳ ತಿಳಿಯುತ್ತದೆ: ಮಾನದಂಡ ಪಾಲಿಸದ ರಸ್ತೆಯಿಂದ ಸಾವು ಅಥವಾ ಅಂಗವೈಕಲ್ಯವಾದರೆ ಹೊಣೆ ಹೊತ್ತ ಸಂಸ್ಥೆ, ಗುತ್ತಿಗೆದಾರರಿಗೆ 1 ಲಕ್ಷ ರೂ.ವರೆಗೆ ದಂಡ.

ಕರಪತ್ರದಲ್ಲಿ ಬರದೇ ಇರುವ ಒಂದು ಸಾಮಾನಿಗೆ ನಮ್ಮ 5ಕ್ಕೆ 4: ರಸ್ತೆಯಂಚಿನ ಬಿಳಿ ಗೆರೆ. ಕಾಯಿಸಿ ಬಳಿಯುವ ಥರ್ಮೋಪ್ಲಾಸ್ಟಿಕ್, 2.5 ಮಿ.ಮೀ. ದಪ್ಪ, ಹಸಿ ಇರುವಾಗಲೇ ಮೇಲೆ ಚದರ ಮೀಟರಿಗೆ 250 ಗ್ರಾಂ ಗಾಜಿನ ಹರಳು. ಮಂಜಿನಲ್ಲಿ ಚಾಲಕ ಹಿಡಿದು ಹೋಗುವುದು ಈ ಗೆರೆಯನ್ನೇ. ಆದರೆ ಒದ್ದೆ ರಸ್ತೆಗೆ ಅದು ಅಂಟುವುದಿಲ್ಲ. ಬಿಲ್ಲಿನ ಅವಸರಕ್ಕೆ ಮೊದಲ ಮಳೆ ಬಿದ್ದ ಮೇಲೆ ಬಳಿಸಿದರೆ ಆಗಸ್ಟಿನ ಹೊತ್ತಿಗೆ ಹಪ್ಪಳದ ಹಾಗೆ ಎದ್ದು ಬರುತ್ತದೆ. ಮತ ಕೇಳಲು ಬಂದವರನ್ನು ಕೇಳಿ: ಬಳಿಸುವುದು ಯಾವ ತಿಂಗಳಲ್ಲಿ?