ಪೇಟಿ ಚರಕ, ನಾಕು ತಿಂಗಳು ನೂತ ಮ್ಯಾಲೆ: 5ಕ್ಕ 3 ಸ್ಟಾರ್

ಶೋಕೇಸ್‌ನಾಗ ಇಡಾಕ ತಗೊಂಡಿದ್ದಲ್ಲ, ದಿನಾ ನೂಲಾಕ ತಗೊಂಡಿದ್ದು, ಅದಕ್ಕ ರಿವ್ಯೂ ಸ್ವಲ್ಪ ಉದ್ದ ಆಗತೈತಿ. ಆನ್‌ಲೈನ್‌ನಾಗ ₹2,000ದ ಮ್ಯಾಲೆ ಬಿತ್ತು. ಕಂಪನಿ ಹೆಸರು ಬ್ಯಾಡ ಬಿಡ್ರಿ, ಬೈಯೂದು ಭಾಳ ಐತಿ.

ನಾ ಹುಬ್ಬಳ್ಳಿಯಂವ. ಬೆಂಗೇರಿ ಖಾದಿ ಸಂಘ ನಮ್ಮನಿಯಿಂದ ಗಾಡಿ ಮ್ಯಾಲೆ ಹತ್ತು ನಿಮಿಷ, 1957ರಿಂದ ಐತಿ, ರಾಷ್ಟ್ರಧ್ವಜ ಹೊಲಿಯೂ ಜಾಗ. 2021ರ ಡಿಸೆಂಬರ್‌ನಾಗ ಧ್ವಜ ಸಂಹಿತೆ ತಿದ್ದಿ, ಮಷೀನ್‌ನಾಗ ಮಾಡಿದ ಪಾಲಿಯೆಸ್ಟರ್ ಧ್ವಜಾನೂ ನಡೀತೈತಿ ಅಂದ್ರಲ್ಲ, ಆವಾಗ ಸಿಟ್ಟು ನೆತ್ತಿಗೇರಿತ್ತು. ಪ್ರತಿಭಟನೆಗೆ ಹೋಗಿ ನಿಂತೆ, ಫೋಟೊ ತಗದು ಸ್ಟೇಟಸ್‌ಗೆ ಹಾಕಿದೆ, 24 ತಾಸಿಗೆ ಸ್ಟೇಟಸ್ಸೂ ಹೋತು ಸಿಟ್ಟೂ ಹೋತು. ಖರೇ ಹೇಳಬೇಕಂದ್ರ ಆ ನಾಚಿಕಿಗೇ ಚರಕ ತಗೊಂಡಿದ್ದು, ಅದೂ ಇಷ್ಟು ವರ್ಷ ಬಿಟ್ಟು.

ಪೆಟಗಿ ನೋಡಾಕ ಛಲೋ ಐತಿ, ಮಡಚಿದ್ರ ಸಣ್ಣ ಸೂಟ್‌ಕೇಸ್ ಇದ್ದಂಗ. ಒಳಗ ಒಂದು ದೊಡ್ಡ ಗಾಲಿ, ಒಂದು ಸಣ್ಣದು, ಬಾಜೂಕ ಕದಿರು, ಅಂದ್ರ ನೂಲು ಸುತ್ತಿಕೊಳ್ಳೂ ಕಡ್ಡಿ. ಗಾಂಧೀಜಿ ಯರವಡಾ ಜೈಲಿನಾಗಿದ್ದಾಗ ರೂಪ ಕೊಟ್ಟ ಮಾದರಿ ಇದು. ಆದ್ರ ನನಗ ಬಂದ ಕದಿರು ಸೊಟ್ಟ ಇತ್ತು. ಎಳಿ ಒಂದು ಮೊಳ ಬರೂದ್ರಾಗ ಪಟ್ ಅಂತ ಹರಿಯೂದು, ನಾನು ನನ್ನ ಕೈದ ತಪ್ಪು ಅಂತ ಒಂದು ವಾರ ಒದ್ದಾಡಿದೆ. ಕಡಿಗೆ ಅವ್ವ ಬಂದು ಕದಿರು ಬಿಚ್ಚಿ ಗಾಜಿನ ಟೇಬಲ್ ಮ್ಯಾಲೆ ಉರುಳಿಸಿ ತೋರಿಸಿದ್ಲು, ನಡುವ ಕುಣೀತಿತ್ತು! ಕಸ್ಟಮರ್ ಕೇರ್‌ನವರು "ಸರ್ ಅದು ಡೆಕೊರೇಷನ್ ಪೀಸ್" ಅಂದ್ರು. ಏನ ಹೇಳೂದು ಇಂಥವ್ರಿಗೆ, ಹೊಸ ಕದಿರು ಬ್ಯಾರೆ ಕಡೆ ತಗೊಂಡೆ.

ಮಳಿಗಾಲದಾಗ ಕಟಗಿ ಉಬ್ಬಿ ಮುಚ್ಚಳ ಹಾಕಾಕ ಬರೂದಿಲ್ಲ. ಗಾಲಿಗೆ ಕೊಬ್ಬರಿ ಎಣ್ಣಿ ಹಾಕಬ್ಯಾಡ್ರಿ, ಥಂಡಿಗೆ ಗಟ್ಟಿ ಆಗತೈತಿ, ಹೊಲಿಗಿ ಮಷೀನ್ ಎಣ್ಣಿ ಎರಡು ಹನಿ ಸಾಕು.

ಈಗ ಲೆಕ್ಕ. 1924ರ ಬೆಳಗಾವಿ ಕಾಂಗ್ರೆಸ್‌ನಾಗ, ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಅಧಿವೇಶನ ಅದು, ಸದಸ್ಯರಾಗಬೇಕಂದ್ರ ತಿಂಗಳಿಗೆ 2000 ಗಜ ನೂಲು ಕೊಡಬೇಕು ಅಂತ ಮಾಡಿದ್ರು. ದಿನಕ್ಕ ಹತ್ತತ್ರ 67 ಗಜ. ಓದುವಾಗ ಏನ್ ಮಹಾ ಅನಿಸಿತ್ತು, ಆದ್ರ ನಾನು ಅರ್ಧ ತಾಸು ಕುಂತ್ರ ಮೊದಲನೇ ತಿಂಗಳು 15 ಗಜ ಆಗ್ತಿತ್ತು, ಈಗ 45 ಆಗತೈತಿ, ಅಂದ್ರ ನಾನಿನ್ನೂ ಮೆಂಬರ್ ಆಗಾಕ ಲಾಯಕ್ ಇಲ್ಲ. ಅವರಿಗೂ ಕಷ್ಟಾನ ಆಗಿರಬೇಕು, ಬ್ಯಾರೆಯವರು ನೂತದ್ದು ಕೊಟ್ರೂ ನಡೀತಿತ್ತು, ಮುಂದಿನ ವರ್ಷ ನಾಕಾಣೆ ಕೊಟ್ರೂ ಸಾಕು ಅಂತ ಮಾಡಿಬಿಟ್ರು.

"ನೀ ನೂತ್ರ ಪಾಲಿಯೆಸ್ಟರ್ ನಿಲ್ತೈತೇನೋ" ಅಂತ ಗೆಳೆಯಾರು ಕಾಡಿಸ್ತಾರ. ಇಲ್ಲ, ನಿಲ್ಲೂದಿಲ್ಲ. ನನ್ನ ನೂಲು ಒಂದು ಕಡೆ ದಪ್ಪ ಒಂದು ಕಡೆ ಕೂದಲಿನಂಗ, ಧ್ವಜಕ್ಕ ದೂರ ಉಳೀತು, ಅದರಾಗ ಒರಸೂ ಅರಬಿನೂ ಆಗೂದಿಲ್ಲ, ನೇಕಾರರೊಬ್ಬರಿಗೆ ತೋರಿಸಿದ್ರ ನಕ್ಕು ವಾಪಸ್ ಕೊಟ್ರು. ಆದ್ರ ಹಂಜಿ (ನೂಲಾಕ ಸುತ್ತಿಟ್ಟ ಹತ್ತಿ) ತೀರಿದಾಗೆಲ್ಲ ಖಾದಿ ಅಂಗಡಿಗೆ ಹೋಗಲೇಬೇಕು, ಹೋದಾಗ ಈ ಸಲ ಧ್ವಜದ ಆರ್ಡರ್ ಹೆಂಗದಾವ್ರಿ ಅಂತ ಕೇಳ್ತೀನಿ, ಒಂದು ಟವೆಲ್ಲರ ತಗೊಂಡ ಬರ್ತೀನಿ. ಆಗಸ್ಟ್‌ನಾಗ ನಮ್ಮ ಅಪಾರ್ಟ್‌ಮೆಂಟ್ ಗ್ರೂಪ್‌ನಾಗ ಧ್ವಜ ತರೂ ಮಾತು ಬಂದಾಗ ಖಾದೀದ ತರೂಣು, ರೊಕ್ಕ ಜಾಸ್ತಿ ಆದದ್ದು ನಾ ಕೊಡ್ತೀನಿ ಅಂದೆ. ಮೂರು ಮಂದಿ ಥಂಬ್ಸ್ ಅಪ್ ಹಾಕಿದ್ರು, ಒಬ್ಬರು ಗುಡ್ ಮಾರ್ನಿಂಗ್ ಕಳಿಸಿದ್ರು, ಧ್ವಜ ಖಾದೀದೇ ಬಂತು. ಬರೇ ಸ್ಟೇಟಸ್ ಹಾಕಿದ ವರ್ಷ ಇಷ್ಟೂ ಆಗಿರಲಿಲ್ಲ.

ತಗೊಳ್ಳೋರು ಹಂಜಿ ಬ್ಯಾರೆ ತರಿಸ್ಕೊರ್ರಿ, ಬಾಕ್ಸ್‌ನಾಗ ಕೊಟ್ಟಿದ್ದು ಎರಡು ದಿನಕ್ಕೂ ಸಾಲೂದಿಲ್ಲ. ಕದಿರು ಬಂದ ಕೂಡಲೇ ಗಾಜಿನ ಮ್ಯಾಲೆ ಉರುಳಿಸಿ ನೋಡ್ರಿ, ರಿಟರ್ನ್ ಟೈಮ್ ಏಳೇ ದಿನ.