ಕೆಲಸ ಬಿಟ್ಟವರ ಲಾಗಿನ್ ಅಳಿಸುವ ಮುನ್ನ: ಜಿಯೋಡೇಟಾಬೇಸ್ ನಡೆಸುವವರಿಗೆ ಎಚ್ಚರಿಕೆ

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಮೇಲೆ, ಆರ್ಕ್‌ಜಿಐಎಸ್ ಎಂಬ ನಕ್ಷೆ ತಂತ್ರಾಂಶದ ಎಂಟರ್‌ಪ್ರೈಸ್ ಜಿಯೋಡೇಟಾಬೇಸ್ (ನಕ್ಷೆಯ ಡೇಟಾ ಭಂಡಾರ) ಇಟ್ಟುಕೊಂಡಿದ್ದ ಕಚೇರಿಯೊಂದರಲ್ಲಿ ನಡೆದದ್ದು ಇದು. ಕೆಲಸ ಬಿಟ್ಟ ನೌಕರರೊಬ್ಬರ ರೋಲನ್ನು (ಪೋಸ್ಟ್‌ಗ್ರೆಸ್‌ನಲ್ಲಿ ಲಾಗಿನ್ ಖಾತೆಗೆ ಹೀಗೆನ್ನುತ್ತಾರೆ) ಡಿಬಿಎ, ಅಂದರೆ ಡೇಟಾಬೇಸ್ ನೋಡಿಕೊಳ್ಳುವವರು, ಅಳಿಸಲು ಹೋದರೆ, ಅದಕ್ಕೆ ಸೇರಿದ ಟೇಬಲ್‌ಗಳಿವೆ, ಆಗದು ಎಂದಿತು ಪೋಸ್ಟ್‌ಗ್ರೆಸ್. ಅಲ್ಲಿಗೇ ನಿಲ್ಲಬೇಕಿತ್ತು. ಬದಲಿಗೆ, ಆ ರೋಲ್‌ಗೆ ಸೇರಿದ್ದನ್ನೆಲ್ಲ ಅಳಿಸುವ ‘ಡ್ರಾಪ್ ಓನ್ಡ್ ಬೈ’ ಆಜ್ಞೆಗೆ, ಅವನ್ನು ಅವಲಂಬಿಸಿದ್ದನ್ನೂ ಅಳಿಸುವ ‘ಕ್ಯಾಸ್ಕೇಡ್’ ಸೇರಿಸಿ ಓಡಿಸಿಬಿಟ್ಟರು. ರಸ್ತೆ, ನೀರಿನ ಪೈಪು, ವಾರ್ಡ್ ಗಡಿ ಎಲ್ಲವನ್ನೂ ಲೋಡ್ ಮಾಡಿದ್ದು ಅದೇ ಲಾಗಿನ್‌ನಲ್ಲಿ. ಟೇಬಲ್‌ಗಳು ಹೋದವು; ಜಿಯೋಡೇಟಾಬೇಸ್ ತನ್ನ ಲೆಕ್ಕ ಇಡುವ ಎಸ್‌ಡಿಇ ಸ್ಕೀಮಾದಲ್ಲಿ (ಸ್ಕೀಮಾ ಎಂದರೆ ಟೇಬಲ್‌ಗಳನ್ನು ಗುಂಪಾಗಿ ಇಡುವ ಜಾಗ) ಅವುಗಳ ನೋಂದಣಿ ಮಾತ್ರ ಉಳಿಯಿತು. ಕೊನೆಗೆ ಬ್ಯಾಕಪ್ಪೇ ಗತಿ. ಅದರ ನಂತರದ ಎಡಿಟ್‌ಗಳೆಲ್ಲ ನಷ್ಟ.

ಯಾವ ಲಾಗಿನ್‌ನಲ್ಲಿ ಫೀಚರ್ ಕ್ಲಾಸ್ (ರಸ್ತೆಯಂಥ ಒಂದು ಬಗೆಯ ಆಕೃತಿಗಳ ಟೇಬಲ್) ಹುಟ್ಟುತ್ತದೋ ಆ ಲಾಗಿನ್ನೇ ಅದರ ಒಡೆಯ. ಪೋಸ್ಟ್‌ಗ್ರೆಸ್ ಮೇಲಿನ ಜಿಯೋಡೇಟಾಬೇಸ್‌ನಲ್ಲಿ ಡೇಟಾ ಮಾಡುವ ರೋಲ್ ಹೆಸರೂ ಅದರ ಸ್ಕೀಮಾ ಹೆಸರೂ ಒಂದೇ ಇರಬೇಕೆಂಬ ಆರ್ಕ್‌ಜಿಐಎಸ್ ನಿಯಮ ಬೇರೆ. ಹಾಗಾಗಿ ಒಡೆತನವನ್ನು ಬೇರೆ ರೋಲ್‌ಗೆ ವರ್ಗಾಯಿಸುವ ‘ರೀಅಸೈನ್ ಓನ್ಡ್’ ಆಜ್ಞೆ ಕೂಡ ಪರಿಹಾರವಲ್ಲ: ಪೋಸ್ಟ್‌ಗ್ರೆಸ್ ಲೆಕ್ಕದಲ್ಲಿ ಒಡೆಯ ಬದಲಾದರೂ ಜಿಯೋಡೇಟಾಬೇಸ್‌ನ ಸಿಸ್ಟಂ ಟೇಬಲ್‌ಗಳಲ್ಲಿ ಹಳೆಯ ಹೆಸರೇ ಇರುತ್ತದೆ.

ನೌಕರರು ಹೋದ ದಿನ ಪಾಸ್‌ವರ್ಡ್ ಬದಲಿಸಿ, ರೋಲ್ ಮುಟ್ಟಬೇಡಿ. ಯಾವ ವ್ಯಕ್ತಿಗೂ ಸೇರದ ‘ಜಿಐಎಸ್_ಓನರ್’ನಂಥ ಲಾಗಿನ್ ಮತ್ತು ಅದೇ ಹೆಸರಿನ ಸ್ಕೀಮಾ ಮಾಡಿ. ಅದಕ್ಕೆ ಎಸ್‌ಡಿಇ ಲಾಗಿನ್ ಬಳಸುವ ಆಸೆ ಬೇಡ, ಅದು ಆಡಳಿತಕ್ಕೆ ಮಾತ್ರ. ವರ್ಷನ್‌ಗಳಿದ್ದರೆ (ಎಡಿಟರ್‌ಗಳು ಬೇರೆಬೇರೆಯಾಗಿ ತಿದ್ದುವ ನೋಟಗಳು) ಮೊದಲು ರಿಕನ್ಸೈಲ್ (ಮುಖ್ಯ ವರ್ಷನ್ ‘ಡಿಫಾಲ್ಟ್’ ಜೊತೆ ಹೋಲಿಸಿ ಹೊಂದಿಸುವುದು), ಪೋಸ್ಟ್ (ಅದಕ್ಕೆ ಸೇರಿಸುವುದು) ಮಾಡಿ ಕಂಪ್ರೆಸ್ (ಬಾಕಿ ಎಡಿಟ್‌ಗಳನ್ನು ಮೂಲ ಟೇಬಲ್‌ಗೆ ಇಳಿಸುವುದು) ಮಾಡಿ. ಪೋಸ್ಟ್ ಆಗದ ಎಡಿಟ್ ಡಿಫಾಲ್ಟ್‌ನಿಂದ ತೆಗೆದ ಕಾಪಿಯಲ್ಲಿ ಬರುವುದಿಲ್ಲ. ಆಮೇಲೆ ಹೊಸ ಲಾಗಿನ್‌ನಲ್ಲಿ ಕನೆಕ್ಟ್ ಆಗಿ ಕಾಪಿ–ಪೇಸ್ಟ್. ಟೇಬಲ್‌ನ ಪೂರ್ತಿ ಹೆಸರಿನಲ್ಲಿ ಒಡೆಯನ ಹೆಸರೂ ಇರುವುದರಿಂದ ಮ್ಯಾಪ್‌ಗಳ ಡೇಟಾ ಸೋರ್ಸ್ ತಪ್ಪಿಹೋಗುತ್ತದೆ; ಅವನ್ನು ಸರಿಪಡಿಸಿ ಸರ್ವಿಸ್‌ಗಳನ್ನು ಮರುಪ್ರಕಟಿಸಿ. ಹೆಚ್ಚು ಸಮಯ ತಿನ್ನುವುದು ಇದೇ. ಹಳೆಯ ಪ್ರತಿಗಳನ್ನು ಹಳೆಯ ಲಾಗಿನ್‌ನಲ್ಲೇ, ಆರ್ಕ್‌ಜಿಐಎಸ್ ಮೂಲಕವೇ ಅಳಿಸಿ. ರೋಲ್ ತೆಗೆಯುವುದು ಕಟ್ಟಕಡೆಗೆ.

ಅನುಮತಿಯಲ್ಲೂ ಇಂಥದೇ ಗುಂಡಿ. ಸಾಂಪ್ರದಾಯಿಕ ವರ್ಷನಿಂಗ್‌ನಲ್ಲಿ ಎಡಿಟ್‌ಗಳು ಮೂಲ ಟೇಬಲ್‌ಗಲ್ಲ, ಅದರ ಎ (ಸೇರಿಸಿದ್ದು) ಮತ್ತು ಡಿ (ಅಳಿಸಿದ್ದು) ಎಂಬ ಡೆಲ್ಟಾ ಟೇಬಲ್‌ಗಳಿಗೆ ಹೋಗುತ್ತವೆ. ಎಸ್‌ಕ್ಯೂಎಲ್‌ನಲ್ಲಿ ಮೂಲ ಟೇಬಲ್‌ಗಷ್ಟೇ ‘ಗ್ರಾಂಟ್’ ಕೊಟ್ಟರೆ ಎಡಿಟರ್‌ಗೆ ಅನುಮತಿಯಿಲ್ಲ ಎಂಬ ಎರರ್. ಒಡೆಯನಾಗಿ ಕನೆಕ್ಟ್ ಆಗಿ ಆರ್ಕ್‌ಜಿಐಎಸ್‌ನ ‘ಚೇಂಜ್ ಪ್ರಿವಿಲೆಜಸ್’ನಲ್ಲೇ ಕೊಡಿ, ಸೆಲೆಕ್ಟ್, ಇನ್ಸರ್ಟ್, ಅಪ್‌ಡೇಟ್, ಡಿಲೀಟ್ ನಾಲ್ಕೂ ಒಟ್ಟಿಗೆ, ವ್ಯಕ್ತಿಗಲ್ಲ, ಎಡಿಟರ್ ಗುಂಪಿನ ರೋಲ್‌ಗೆ. ಸ್ಕೀಮಾದ ಮೇಲೆ ‘ಯೂಸೇಜ್’ (ಅದರೊಳಗಿನದನ್ನು ತಲುಪುವ ಅನುಮತಿ) ಕೊಡದಿದ್ದರೆ ಇದಾವುದೂ ಉಪಯೋಗಕ್ಕಿಲ್ಲ.

ಆರ್ಕ್‌ಜಿಐಎಸ್ ಇಲ್ಲದೆ ಬರೀ ಪೋಸ್ಟ್‌ಜಿಐಎಸ್ (ಪೋಸ್ಟ್‌ಗ್ರೆಸ್‌ನ ನಕ್ಷೆ ವಿಸ್ತರಣೆ) ಬಳಸುವವರು, ಮುಂದೆ ಹುಟ್ಟುವ ಟೇಬಲ್‌ಗಳಿಗೆ ತಾನಾಗಿ ಅನುಮತಿ ಕೊಡುವ ‘ಆಲ್ಟರ್ ಡಿಫಾಲ್ಟ್ ಪ್ರಿವಿಲೆಜಸ್’ ನಂಬುವಾಗ ‘ಫಾರ್ ರೋಲ್’ ಭಾಗ ನೋಡಿಕೊಳ್ಳಿ. ಅದನ್ನು ಬಿಟ್ಟರೆ ಆ ಆಜ್ಞೆ ಓಡಿಸಿದ ರೋಲ್ ಮುಂದೆ ಮಾಡುವ ಟೇಬಲ್‌ಗಳಿಗಷ್ಟೇ ಅನ್ವಯ. ಈಗಾಗಲೇ ಇರುವವಕ್ಕೂ ಇಲ್ಲ, ಬೇರೆ ರೋಲ್ ಮಾಡಿದವಕ್ಕೂ ಇಲ್ಲ.